ತಕ್ಕಡಿಯ ಹಲಗೆಯ ಮೇಲೆ ಮೊದಲು ನಾನು

ಮಕ್ಕಳೇ, ದಿನಾ ಬೆಳಿಗ್ಗೆ ಬಚ್ಚಲಿಂದ ಬಂದು, ಒಂದು ಗುಟುಕು ನೀರೂ ಕುಡಿಯದೆ ನಾನು ಆ ಗಾಜಿನ ತೂಕದ ಯಂತ್ರದ ಮೇಲೆ ನಿಲ್ಲುವುದನ್ನು ನೋಡಿ ನೀವು ನಗುತ್ತೀರಿ. ಮೊನ್ನೆ ಚಿಕ್ಕವಳು, "ಅಜ್ಜಿ, ಕುಸ್ತಿಗೆ ಹೆಸರು ಕೊಟ್ಟೀಯೇನು?" ಎಂದು ಕೇಳಿದಳು. ನಾನೂ ನಕ್ಕು ಸುಮ್ಮನಾದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ಹದಡಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು ನಾನು. ಆಗಲೂ ಮೇಷ್ಟ್ರು ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತೇನೆ.

ನೀವು ಯಾರೂ ನೋಡದ ನಿಮ್ಮ ಅಜ್ಜ ದಾವಣಗೆರೆಯ ಒಂದು ಹತ್ತಿ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಗಾಡಿಗಳಲ್ಲಿ ಅಂಡಿಗೆಗಳು, ಎಂದರೆ ಹತ್ತಿ ತುಂಬಿದ ಗೋಣಿಗಳು, ಬಂದು ಬೀಳುತ್ತಿದ್ದವು. ಒಂದೊಂದೂ ಮಲಗಿದ ಎಮ್ಮೆಯಷ್ಟು ದಪ್ಪ. ಹಮಾಲರು ಅದನ್ನು ಉರುಳಿಸಿ ನೆಲದ ಮೇಲಿನ ತಕ್ಕಡಿಯ ಹಲಗೆಗೆ ಏರಿಸಿದರೆ, ಅವರು ಕಂಬಿಯ ಮೇಲಿನ ಗುಂಡನ್ನು ಒಂದೇ ಬೆರಳಿಂದ ಸರಿಸಿ, ಕಂಬಿ ಸಮನಾಗಿ ನಿಂತ ಕೂಡಲೇ ತೂಕ ಕೂಗುತ್ತಿದ್ದರು. ಆದರೆ ಕೂಗುವ ಮೊದಲು ಇನ್ನೊಂದು ಕೆಲಸ ಇತ್ತು. ಅಂಡಿಗೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ಹತ್ತಿಯನ್ನು ಒತ್ತಿ ನೋಡಬೇಕಿತ್ತು. ತೂಕ ಹೆಚ್ಚು ಬರಲಿ ಎಂದು ಹತ್ತಿಗೆ ನೀರು ಚಿಮುಕಿಸಿ ತರುವವರಿದ್ದರು. ಒಣ ಹತ್ತಿ ಒತ್ತಿ ಬಿಟ್ಟರೆ ಅರಳಿ ಮೇಲೆ ಬರುತ್ತದೆ. ನೀರು ಹೊಡೆದ ಹತ್ತಿ ಒತ್ತಿದ ಹಾಗೇ ಕೂತುಬಿಡುತ್ತದೆ. ಇದನ್ನು ಅವರೇ ನನಗೆ ಹೇಳಿದ್ದು, ಮದುವೆಯಾದ ಹೊಸದರಲ್ಲಿ. ಹೊಸ ಹೆಂಡತಿಯ ಹತ್ತಿರ ಏನು ಮಾತಾಡಬೇಕೋ ತಿಳಿಯದೆ ಹತ್ತಿಯ ವಿಷಯ ಹೇಳಿದರು ಎಂದು ಕಾಣುತ್ತದೆ. "ತಕ್ಕಡಿಗೆ ಮೋಸ ಮಾಡ್ಬೋದು, ಈ ಹೆಬ್ಬೆಟ್ಟಿಗೆ ಆಗಲ್ಲ" ಎಂದು ಹೆಬ್ಬೆರಳು ಎತ್ತಿ ತೋರಿಸಿದ್ದರು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ಅಪ್ಪ ಎರಡು ವರ್ಷದ ಕೂಸು. ಆ ಚಳಿಗಾಲ ನಿಮ್ಮ ಅಜ್ಜನಿಗೆ ಜ್ವರ ಬಂದು, ಬಿಟ್ಟು, ಮತ್ತೆ ಬಂದು, ಮೈ ಬಹಳ ಇಳಿದುಹೋಯಿತು. ಮಂಡಿಯಿಂದ ಮನೆಗೆ ಬರುವುದರೊಳಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಇದ್ದರು. ಅವರ ಕೈಗುಣದ ಮೇಲೆ ನಮ್ಮ ಅತ್ತೆಗೆ ನಂಬಿಕೆ. ಅಲ್ಲಿಗೆ ತಾಯಿ ಮಗ ಇಬ್ಬರೇ ಹೋಗಿಬಂದರು. ಎದೆಯಲ್ಲಿ ತೊಂದರೆ ಇದೆ, ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿದ್ದರಿಂದ ಹಾಗಾಗಿದೆ ಎಂದು ಡಾಕ್ಟರು ಹೇಳಿದರಂತೆ. ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿ, ಕೊನೆಗೆ ಒಂದು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟಿದ್ದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಅದರಲ್ಲಿ ಬರೆದು ತಿಂಗಳಿಗೆ ತರಬೇಕು. ಯಾಕೆ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಡಾಕ್ಟರನ್ನು ಯಾಕೆ ಎಂದು ಕೇಳುವ ಕಾಲ ಅದಲ್ಲ.

ಅತ್ತೆಗೆ ಉಪ್ಪಿನ ಮಾತೇ ಸಿಟ್ಟು ತಂದಿತ್ತು. "ಉಪ್ಪಿಲ್ಲದ ಊಟ ಹಾಕಾಕೆ ನನ್ನ ಮಗ ಏನು ದಿಕ್ಕಿಲ್ಲದೋನಾ?" ಎಂದರು. ತೂಕದ ಮಾತು ಇನ್ನೂ ಹಿಡಿಸಲಿಲ್ಲ. ಮನುಷ್ಯರು ತಕ್ಕಡಿ ಏರುವುದು ದೇವರಿಗೆ ತುಲಾಭಾರ ಹೊತ್ತಾಗ ಮಾತ್ರ, ದಿನಾ ಏರಿದರೆ ದೃಷ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಮಗ ಮಂಡಿಯಲ್ಲೇ ಇರುವವನು. ಬಾಗಿಲು ತೆರೆದ ಕೂಡಲೇ ಅಂಡಿಗೆಗಳಿಗಿಂತ ಮೊದಲು ತಾವೇ ಹಲಗೆಯ ಮೇಲೆ ನಿಲ್ಲತೊಡಗಿದರು.

ಹಮಾಲರು ಬಿಡುತ್ತಾರೆಯೇ? "ಯಣ್ಣಾ, ನಿನಗೂ ಗೋಣಿ ಹೊಲಿದು ಜಿನ್ನಿಗೆ ಕಳಿಸನಾ?" ಎಂದು ಒಬ್ಬ ಕೇಳಿದನಂತೆ. ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. "ಬ್ಯಾಡ ಮಾರಾಯ, ಬೀಜ ಬಿಟ್ರೆ ಅದರಾಗೆ ಏನೂ ಸಿಗಲ್ಲ" ಎಂದು ಇನ್ನೊಬ್ಬ. ಮಧ್ಯಾಹ್ನ ಊಟಕ್ಕೆ ಬಂದಾಗ ಇವರೇ ಇದನ್ನೆಲ್ಲ ಹೇಳಿ ನಗುತ್ತಿದ್ದರು.

ಮೊದಲ ದಿನ ನೂರಾ ಎಂಟು ಪೌಂಡು. ಮಂಡಿಯವರು ಅದನ್ನು ರಾತ್ಲು ಎನ್ನುತ್ತಿದ್ದರು. ಒಂದು ವಾರ ಅಲ್ಲೇ ನಿಂತಿತು. ಆಮೇಲೆ ಏರಲು ಶುರುವಾಯಿತು. ನೂರಾ ಹತ್ತು. ನೂರಾ ಹನ್ನೊಂದೂವರೆ. ನೂರಾ ಹದಿನಾಲ್ಕು.

ಇಲ್ಲೇ ನಮ್ಮ ಮನೆಯ ತಪ್ಪು ಇರುವುದು. ಇಳಿದುಹೋದ ಮೈ ಏರುತ್ತಿದೆ, ಇನ್ನೇನು ಬೇಕು? ತೂಕ ನೋಡಲು ಹೇಳಿದ್ದೇ ಅದು ಏರಲಿ ಎಂದು ಎಂದುಕೊಂಡೆವು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಆ ದಿನದ ತೂಕ ಕೂಗುವರು, ಅತ್ತೆ ಒಳಗಿಂದ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆಯುವರು. ತಕ್ಕಡಿಯ ಮೇಲಿನ ಸಿಟ್ಟೆಲ್ಲ ಹೋಗಿತ್ತು. "ಮುಖ ನೋಡು ಹೆಂಗೆ ತುಂಬೈತೆ!" ಎಂದು ಬೀದಿಯವರಿಗೆ ತೋರಿಸುವರು. ನೂರಾ ಇಪ್ಪತ್ತು ಮುಟ್ಟಿದರೆ ಉಕ್ಕಡಗಾತ್ರಿ ಕ್ಷೇತ್ರಕ್ಕೆ ಬಂದು ಅಲ್ಲಿನ ದೇವರು ಅಜ್ಜಯ್ಯನಿಗೆ ಹೋಳಿಗೆ ಎಡೆ ಮಾಡುತ್ತೇನೆ ಎಂದು ಹರಕೆ ಹೊತ್ತರು.

ನನಗೆ ಒಳಗೇ ಏನೋ ಸರಿ ಕಾಣುತ್ತಿರಲಿಲ್ಲ. ತಟ್ಟೆ ಎತ್ತುವವಳು ನಾನು. ಮೊದಲು ಮೂರು ರೊಟ್ಟಿ ತಿನ್ನುತ್ತಿದ್ದವರು ಒಂದಕ್ಕೆ ಬಂದಿದ್ದರು, ಆಮೇಲೆ ಅರ್ಧಕ್ಕೆ. ತಾಯಿಗೆ ಬೇಸರವಾದೀತೆಂದು ಉಳಿದದ್ದನ್ನು ತಟ್ಟೆಯ ಅಂಚಿನ ಕೆಳಗೆ ಮಡಚಿ ಇಡುತ್ತಿದ್ದರು. ಅರ್ಧ ರೊಟ್ಟಿ ತಿನ್ನುವ ಮನುಷ್ಯನಿಗೆ ಈ ತೂಕ ಎಲ್ಲಿಂದ ಬಂತು? ಸ್ನಾನದ ಹೊತ್ತಿಗೆ ಸೊಂಟದಲ್ಲಿ ಉಡಿದಾರದ ಗುರುತು ಕೆಂಪಗೆ ಮೂಡಿರುತ್ತಿತ್ತು. ಮಲಗಲು ಒಂದು ದಿಂಬಿನ ಬದಲು ಮೂರು ಬೇಕಾಗಿತ್ತು. ಕಾಲಿಗೆ ಎಣ್ಣೆ ತಿಕ್ಕುವಾಗ ನನ್ನ ಹೆಬ್ಬೆರಳು ಒತ್ತಿದ ಕಡೆ ಕುಳಿ ಬೀಳುತ್ತಿತ್ತು. ಕುಳಿ ತುಂಬಿಕೊಳ್ಳಲಿ ಎಂದು ನೋಡುತ್ತಾ ಕೂರುತ್ತಿದ್ದೆ, ಅದು ತುಂಬುತ್ತಿರಲಿಲ್ಲ.

ಒಂದು ದಿನ ಆ ಕುಳಿ ನೋಡುತ್ತಿದ್ದಾಗಲೇ ಹತ್ತಿಯ ಮಾತು ನೆನಪಾಯಿತು. ಪಂಚೆಯ ಅಂಚು ಎಳೆದು ಅದನ್ನು ಮುಚ್ಚಿಬಿಟ್ಟೆ.

ನೀವು ಕೇಳಬಹುದು, ಆಗಲೇ ಯಾಕೆ ಹೇಳಲಿಲ್ಲ ಎಂದು. ನನ್ನನ್ನು ನಾನೂ ಬಹಳ ಸಲ ಕೇಳಿಕೊಂಡಿದ್ದೇನೆ. ಆ ಮನೆಯಲ್ಲಿ ನನ್ನ ಮಾತು ಎಂದರೆ "ಹೂಂ" ಮತ್ತು "ಊಟಕ್ಕೆ ಏಳ್ರಿ". ಮನೆಯೆಲ್ಲ ಸಂತೋಷದಲ್ಲಿರುವಾಗ ಅಪಶಕುನದ ಮಾತು ಆಡುವುದು ಹೇಗೆ? ಅದಕ್ಕಿಂತ ದೊಡ್ಡ ಕಾರಣ, ನಾನು ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಹೀಗೆ ನಾಲ್ಕು ದಿನ ಕಳೆದೆ. ಆ ನಾಲ್ಕು ದಿನದಲ್ಲಿ ಹಾಳೆಯ ಮೇಲೆ ನೂರಾ ಇಪ್ಪತ್ತೊಂದು ಬಂತು. ಹರಕೆಯ ತೂಕ ದಾಟಿತ್ತು.

ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೊರಟೆವು. ಕೂಸನ್ನು ಹದಡಿಯಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟಿದ್ದೆ. ಹೋಳಿಗೆಯ ಬುಟ್ಟಿಯನ್ನು ಅತ್ತೆ ಯಾರ ಕೈಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು. ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಇಳಿದ ಕಡೆಯಿಂದ ಬೇವಿನ ಮರದ ನೆರಳಿಗೆ ಇಪ್ಪತ್ತು ಮಾರು ಇರಬಹುದು. ಅಷ್ಟರಲ್ಲಿ ಅವರು ಎರಡು ಸಲ ನಿಂತರು. ಮರದ ಬುಡಕ್ಕೆ ಕೂತಾಗ ತುಟಿ ನೀಲಿಯಾಗಿತ್ತು.

"ಹಸಿವಿಗೆ ಹಂಗಾಗೈತೆ" ಎಂದರು ಅತ್ತೆ. "ಎಡೆ ಆಗೋವರೆಗೂ ತಡಕ ಮಗಾ. ಬಸ್ ಇನ್ನೇನು ಬರ್ತೈತೆ."

ಆ ಬಸ್ಸು ಬಂದರೆ ನಾನು ಬದುಕಿಡೀ ಬಾಯಿ ಬಿಡುವುದಿಲ್ಲ ಎಂದು ನನಗೆ ಆಗ ಅನಿಸಿತು. ಮಾತು ಆಗಲೂ ಬರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಷ್ಟು ಜನರ ನಡುವೆ, ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತೆ. ಪಂಚೆಯ ಅಂಚು ಸರಿಸಿ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿಟ್ಟು ಒತ್ತಿದೆ.

"ಏನಿದು ನಾಚಿಕೆಗೇಡು! ಏಳೇ ಮ್ಯಾಲೆ" ಎಂದರು ಅತ್ತೆ.

ನಾನು ಏಳಲಿಲ್ಲ. ಬೆರಳು ತೆಗೆದು, ನಿಮ್ಮ ಅಜ್ಜನ ಕೈ ಹಿಡಿದು ಆ ಕುಳಿಯ ಮೇಲೆ ಇಟ್ಟೆ. "ಹತ್ತಿ ನೋಡ್ದಂಗೆ ನೋಡ್ರಿ" ಎಂದೆ. ಅಷ್ಟೇ ನಾನು ಆಡಿದ್ದು.

ಅವರು ನೋಡಿದರು. ಬೆರಳಿಂದ ಕುಳಿಯ ಸುತ್ತ ಸವರಿದರು. ಪಕ್ಕದಲ್ಲಿ ತಾವೇ ಇನ್ನೊಂದು ಸಲ ಒತ್ತಿ, ಕೈ ತೆಗೆದು ಕಾದರು. ಮಂಡಿಯಲ್ಲಿ ರೈತನ ಮುಖ ನೋಡದೆ ಹತ್ತಿಯನ್ನಷ್ಟೇ ನೋಡುವಾಗ ಅವರ ಮುಖ ಹೇಗಿರುತ್ತದೆ ಎಂದು ನಾನು ಕಂಡವಳಲ್ಲ. ಅವತ್ತು ಕಂಡೆ.

"ಅವ್ವಾ," ಎಂದರು ತಲೆ ಎತ್ತದೆ, "ಇದು ನೀರು. ಹದಿಮೂರು ರಾತ್ಲು ನೀರು."

"ಯಾವ ನೀರು? ಎಂಥ ನೀರು?"

"ಮೊದ್ಲು ಡಾಕ್ಟ್ರ ಹತ್ರ ಹೋಗನ."

"ಅಜ್ಜಯ್ಯನ ಹರಕೆ ಬಿಟ್ಟು?" ಅತ್ತೆ ನನ್ನ ಕಡೆ ತಿರುಗಿದರು. "ಬಂದ್ಲಪ್ಪಾ, ನಾಲ್ಕನೇ ಕ್ಲಾಸಿನ ಡಾಕ್ಟ್ರವ್ವ! ತುಂಬಿದ ಮೈಗೆ ಬೆರಳಿಟ್ಟು ರೋಗ ತೋರಿಸ್ತಾಳೆ." ಹೇಳಿದವರು ಮಗನ ಕಾಲು ನೋಡಿದರು. ಎರಡು ಕುಳಿಗಳೂ ಹಾಗೇ ಇದ್ದವು. ಬುಟ್ಟಿ ಎತ್ತಿಕೊಂಡು ಡಾಕ್ಟರ ಆಸ್ಪತ್ರೆಯ ಕಡೆ ಹೊರಟರು.

ಅಜ್ಜಯ್ಯನ ಮುಂದಿಡಲೆಂದು ಜೊತೆಗೆ ತಂದಿದ್ದ ಹಾಳೆಯ ಮೇಲೆ ಡಾಕ್ಟರು ಕಣ್ಣಾಡಿಸಿ ಕೂಗಿಯೇಬಿಟ್ಟರು. "ಇದನ್ನ ಇಟ್ಕಂಡು ಇಷ್ಟು ದಿನ ಏನ್ ಮಾಡ್ತಿದ್ರಿ? ದಿನಾ ಬರೆದೀರಿ, ಒಂದಿನನೂ ಬರಬೇಕು ಅನ್ನಿಸ್ಲಿಲ್ವಾ?"

"ಏರಿದ್ರೆ ಒಳ್ಳೇದು ಅನ್ಕಂಡಿದ್ವಿ ಡಾಕ್ಟ್ರೇ" ಎಂದರು ಇವರು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಂದು" ಎಂದರು ಆಮೇಲೆ. "ಬರೀರಿ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ಕೇಳ್ರಿ ಈಗ. ಒಂದೇ ದಿನಕ್ಕೆ ಎರಡು ಪೌಂಡು ಮಾಂಸ ಯಾರಿಗೂ ಬೆಳೆಯಲ್ಲ. ಅಷ್ಟು ಏರಿದ್ರೆ ಅದು ನೀರೇ. ಎದೆ ಸೋತಾಗ ಮೈಯಾಗೆ ನೀರು ನಿಲ್ಲುತ್ತೆ, ಉಪ್ಪು ತಿಂದಷ್ಟೂ ನಿಲ್ಲುತ್ತೆ. ಕಾಲಿಗೆ ಕಾಣೋಕಿಂತ ಮೊದ್ಲು ತಕ್ಕಡಿಗೆ ಕಾಣುತ್ತೆ. ಅದಕ್ಕೇ ದಿನಾ ನೋಡ್ರಿ ಅಂದಿದ್ದು." ಆಮೇಲೆ, "ಕಾಲು ಒತ್ತಿ ನೋಡಿದ್ದು ಯಾರು?" ಎಂದು ಕೇಳಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅತ್ತೆಯೇ, "ಇವಳು" ಎಂದರು.

ಅವರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಾಲ್ಕು ದಿನ ಇದ್ದೆವು. ನೀರು ಇಳಿಯಲು ಇಂಜೆಕ್ಷನ್ ಕೊಟ್ಟರು. ಅತ್ತೆ ಮಾತ್ರ ಅವತ್ತೇ ಬುಟ್ಟಿ ಹೊತ್ತು ಒಬ್ಬರೇ ಉಕ್ಕಡಗಾತ್ರಿಗೆ ಹೋದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಏರಿಸಪ್ಪಾ ಅಂತ ಬೇಡ್ಕಂಡಿದ್ದೆ. ಈಗ ಇಳಿಸು ಅಂತ ಯಾವ ಬಾಯಾಗೆ ಕೇಳ್ಲಿ?" ಎಂದು ಯಾರಿಗೂ ಅಲ್ಲದೆ ಕೇಳಿದರು. ಹೊತ್ತು ಮುಳುಗುವಾಗ ಭಸ್ಮ ತಂದು ಮಗನ ಹಣೆಗೆ ಹಚ್ಚಿದರು. ಅಷ್ಟು ಹೊತ್ತಿಗೆ ಔಷಧ ಕೆಲಸ ಶುರು ಮಾಡಿ, ನಿಮ್ಮ ಅಜ್ಜ ಲೆಕ್ಕವಿಲ್ಲದಷ್ಟು ಸಲ ಹಿತ್ತಲಿಗೆ ಹೋಗಿಬಂದಿದ್ದರು. ಮೂರನೇ ದಿನ ಒಂಬತ್ತು ಪೌಂಡು ಇಳಿದಿತ್ತು. ಅಜ್ಜಯ್ಯನೇ ಇಳಿಸಿದ ಎಂದು ಅತ್ತೆ ಹೇಳಿದರು. ಡಾಕ್ಟರೂ "ಹೌದು ತಾಯಿ" ಎಂದರು.

ಊರಿಗೆ ಬಂದ ಮೇಲೆ ಅವರು ಮಂಡಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಚಿಕ್ಕ ತಕ್ಕಡಿಯನ್ನು ಧಣಿಯವರನ್ನು ಕೇಳಿ ಮನೆಗೆ ತಂದರು. ಪಡಸಾಲೆಯಲ್ಲಿ ನೆಲ ಮಟ್ಟ ನೋಡಿ ಕೂರಿಸಿದರು. ಮೊದಲ ಬೆಳಿಗ್ಗೆ ಹಲಗೆ ತೋರಿಸಿ, "ನಿಂತ್ಕ" ಎಂದರು ನನಗೆ.

"ನಾನ್ಯಾಕ್ರಿ?"

"ತೂಕ ಹಾಕೋನು ಮೊದ್ಲು ಗೊತ್ತಿರೋ ತೂಕ ಇಟ್ಟು ತಕ್ಕಡಿ ಸರಿ ಐತಾ ನೋಡ್ಬೇಕು. ನೀನು ಏರಲ್ಲ, ಇಳಿಯಲ್ಲ. ನೀನೇ ನನ್ನ ತೂಕದ ಕಲ್ಲು."

ಕಾಲುಂಗುರದ ಬೆರಳುಗಳನ್ನು ಮಡಚಿಕೊಂಡು ನಿಂತೆ. ತೊಂಬತ್ತಾರು ಪೌಂಡು. ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ್ದ ಮೈಯ ತೂಕ ನನಗೆ ತಿಳಿದದ್ದು ಅವತ್ತು.

ಹಾಗೆ ಆರು ವರ್ಷ. ಎದ್ದು, ಹಿತ್ತಲಿಗೆ ಹೋಗಿಬಂದು, ನೀರು ಕುಡಿಯುವ ಮೊದಲು, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ಮೊದಲು ನಾನು, ಆಮೇಲೆ ಅವರು. ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು. ಬರೆಯುವುದು ನನ್ನ ಕೆಲಸ. ಎರಡು ಪೌಂಡು ಏರಿದರೆ ಮಾತೇ ಇಲ್ಲ, ಮೊದಲ ಬಸ್ಸಿಗೆ ಹರಿಹರ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದು ಬಾಯಿ ಒರೆಸಿಕೊಂಡಿದ್ದರೂ ಬೆಳಿಗ್ಗೆ ಹಲಗೆ ಹೇಳಿಬಿಡುತ್ತಿತ್ತು. "ಎಲ್ಲಿ ತಿಂದ್ರಿ?" ಎಂದು ಕೇಳುವಷ್ಟು ಬಾಯಿ ನನಗೆ ಬಂದಿತ್ತು. ಅವರೊಬ್ಬರಿಗೇ ಸಪ್ಪೆ ಹಾಕಲು ಮನಸ್ಸು ಬರದೆ ಮನೆಯವರೆಲ್ಲ ಸಪ್ಪೆಯನ್ನೇ ಉಂಡೆವು, ಅತ್ತೆಯೂ ಕೂಡ.

ನಾನು ಏರುವುದಿಲ್ಲ, ಇಳಿಯುವುದಿಲ್ಲ ಎಂದು ಅವರು ಹೇಳಿದ್ದು ಸರಿಯಲ್ಲ ಎಂದು ಆ ಪುಸ್ತಕದಿಂದಲೇ ತಿಳಿಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೆಣ್ಣುಮಕ್ಕಳಿಗೆ ಉಪಯೋಗವಾದೀತು. ತಿಂಗಳಿಗೊಮ್ಮೆ ಹೊರಗಾಗುವ ಮೂರು ದಿನ ಮೊದಲು ನಾನು ಒಂದೂವರೆ ಪೌಂಡು ಏರುತ್ತಿದ್ದೆ, ಆಮೇಲೆ ತಾನಾಗಿ ಇಳಿಯುತ್ತಿದ್ದೆ. ಅದಕ್ಕೆ ಮುಂಚೆ ಆ ದಿನಗಳಲ್ಲಿ ಮೈ ಭಾರವಾಗಿ, ಕಾರಣವಿಲ್ಲದೆ ಅಳು ಬರುತ್ತಿದ್ದದ್ದನ್ನು ನನ್ನ ಕೆಟ್ಟ ಬುದ್ಧಿ ಎಂದುಕೊಂಡಿದ್ದೆ. ಮದುವೆ ಮನೆ ಊಟದ ಮರುದಿನ ಏರಿದ್ದು ಮೂರನೇ ದಿನಕ್ಕೆ ಹೋಗುತ್ತಿತ್ತು. ಒಂದು ದಿನದ ಅಂಕಿಗೆ ಹೆದರಬಾರದು, ಹತ್ತು ದಿನದ್ದನ್ನು ಒಟ್ಟಿಗೆ ನೋಡಬೇಕು. ನಿಮ್ಮ ಸೋದರತ್ತೆ ಹೊಟ್ಟೆಯಲ್ಲಿದ್ದಾಗ ಮೊದಲು ಇಳಿದು ಆಮೇಲೆ ಏರುತ್ತಲೇ ಹೋದೆ. ಅವರು ಮಂಡಿಯಿಂದ ಕಬ್ಬಿಣದ ಕಲ್ಲು ತಂದು, "ನಿನ್ನ ಕೆಲಸ ಹೋತು ನೋಡು" ಎಂದು ನಗಿಸಿದರು. ಹೆರಿಗೆಯಾದ ಮೇಲೆ ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು.

ಊರಲ್ಲೆಲ್ಲ ಕಿಲೋ ಬಂತು. ನಮ್ಮ ತಕ್ಕಡಿ ಪೌಂಡಿನಲ್ಲೇ ಉಳಿಯಿತು.

ಆರನೇ ವರ್ಷ ಅವರ ಸಾಲು ಏರುವುದು, ಇಳಿಯುವುದು ಹತ್ತಿರ ಹತ್ತಿರವಾಯಿತು. ಆಮೇಲೆ ಇಂಜೆಕ್ಷನ್ ಕೊಟ್ಟರೂ ಇಳಿಯದಾಯಿತು. ಡಾಕ್ಟರು ಹಿಂದಿನ ಕೋಣೆಯಲ್ಲಿ ಮತ್ತೆ ಇಟ್ಟುಕೊಂಡು ನೋಡಿದರು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಯಲ್ಲಿ ಅವರು ನಿಲ್ಲಲಾರದೆ ಹಲಗೆಯ ಮೇಲೆ ಕೂತು ತೂಕ ಕೊಟ್ಟರು. "ಎಷ್ಟು?" ಎಂದು ಕೇಳಿದರು. ನಾನು ಎರಡು ಪೌಂಡು ಕಡಿಮೆ ಹೇಳಿದೆ. ಅವರು ನನ್ನ ಮುಖ ನೋಡಿ, "ಗುಂಡು ಸರಿ ನೋಡಿ ಹೇಳು. ನಮ್ಮ ಮನ್ಯಾಗೆ ಸುಳ್ಳು ತೂಕ ಬ್ಯಾಡ" ಎಂದರು. ಸರಿಯಾದದ್ದನ್ನೇ ಹೇಳಿ ಬರೆದೆ. ಅದಾದ ಮೂರನೇ ಬೆಳಿಗ್ಗೆ, ತೂಕದ ಹೊತ್ತಿಗೆ, ಹೋದರು. ಆ ದಿನದ ಸಾಲಿನಲ್ಲಿ ಏನೂ ಇಲ್ಲ.

ಶಿವಗಣಾರಾಧನೆ ಮುಗಿದು ಬಂಧುಗಳು ಹೊರಟುಹೋದ ಮೇಲೆ ಅತ್ತೆ ಕಾಳು ತುಂಬುವ ಹಗೇವಿನ ಕಡೆ ಸರಿಸಿಟ್ಟಿದ್ದ ತಕ್ಕಡಿಯನ್ನು ತಾವೇ ಎಳೆದು ಪಡಸಾಲೆಗೆ ತಂದರು. ನನಗೆ ತಟ್ಟೆಯ ಮುಂದೆ ಕೂತರೆ ಊಟ ಸೇರುತ್ತಿರಲಿಲ್ಲ. ಉಳಿದ ರೊಟ್ಟಿಯನ್ನು ತಟ್ಟೆಯ ಅಂಚಿನ ಕೆಳಗೆ ಮಡಚಿ ಇಡುತ್ತಿದ್ದೆ. ತಟ್ಟೆ ಎತ್ತುತ್ತಿದ್ದವರು ಈಗ ಅತ್ತೆ.

"ನಿಂತ್ಕ" ಎಂದರು.

"ಬ್ಯಾಡ ಬಿಡ್ರಿ ಅತ್ತೆ. ಇನ್ನು ಯಾಕ?"

"ನಿಂತ್ಕ ಅಂದೆ."

ನಿಂತೆ. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಮಗ ಸರಿಸುತ್ತಿದ್ದ ಹಾಗೆ ಒಂದು ಬೆರಳಿಂದ ಗುಂಡನ್ನು ಸರಿಸುತ್ತಾ ಹೋದರು, ಕಂಬಿ ಸಮವಾಗುವವರೆಗೆ. "ಎಷ್ಟೈತೆ ಓದು."

"ಎಂಬತ್ತೇಳು."

"ಅವನಿದ್ದಾಗ?"

"ತೊಂಬತ್ತಾರು."

ಬೆರಳು ಮಡಚಿ ಎಣಿಸಿದರು. ಒಂಬತ್ತು ಆದ ಮೇಲೆ ಉಳಿದ ಒಂದು ಬೆರಳನ್ನು ನೋಡಿಕೊಂಡರು. "ಒಬ್ಬನ್ನ ಏರೋದು ನೋಡಿ ಕಳಕಂಡೆ" ಎಂದರು. "ನಿನ್ನ ಇಳಿಯಾಕೆ ಬಿಡಲ್ಲ. ಎರಡು ಕೂಸು ಅದಾವೆ."

ಒಳಗೆ ಹೋಗಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಂದರು. ನನ್ನ ಮುಂದೆ ಕೂತು, ಹಿಡಿಯಲ್ಲಿದ್ದ ಉಪ್ಪನ್ನು ಅದರ ಮೇಲೆ ಉದುರಿಸಿದರು. ಆರು ವರ್ಷದಿಂದ ಆ ಮನೆಯಲ್ಲಿ ರೊಟ್ಟಿಯ ಮೇಲೆ ಉಪ್ಪು ಬಿದ್ದಿರಲಿಲ್ಲ. ನಾನು ತಿನ್ನುವವರೆಗೆ ಅವರು ಏಳಲಿಲ್ಲ. ತಿಂದು, ಕೈ ತೊಳೆದು, ನೋಟುಬುಕ್ಕು ತೆಗೆದು, ನನ್ನ ಸಾಲಿನಲ್ಲಿ ಎಂಬತ್ತೇಳು ಎಂದು ಬರೆದೆ.